ಸಂಜೆಗಿಂತ ತುಸು ಎತ್ತರ

ಈಗತಾನೇ ಹಾಸಿಗೆ ಬಿಟ್ಟು ಎದ್ದು ರೇಡಿಯೋ ಹಾಕಿದ್ದೀರಾದರೆ, ನಿನ್ನೆ ರಾತ್ರಿ ಮಲಗುವಾಗ ಇದ್ದದ್ದಕ್ಕಿಂತ ನೀವು ಸ್ವಲ್ಪ ಎತ್ತರವಾಗಿದ್ದೀರಿ. ಸುಮಾರು ಒಂದು ಸೆಂಟಿಮೀಟರ್. ಕೆಲವರು ಅದಕ್ಕಿಂತ ತುಸು ಹೆಚ್ಚೇ. ನಂಬಿಕೆ ಬಾರದಿದ್ದರೆ ಗೋಡೆಗೆ ಬೆನ್ನುಕೊಟ್ಟು ನಿಂತು, ಮನೆಯ ಮಕ್ಕಳ ಕೈಲಿ ಪೆನ್ಸಿಲಿನ ಗುರುತು ಹಾಕಿಸಿ. ರಾತ್ರಿ ಊಟವಾದ ಮೇಲೆ ಅಲ್ಲೇ ಇನ್ನೊಮ್ಮೆ ನಿಲ್ಲಿ. ಗೆರೆ ನಿಮ್ಮ ನೆತ್ತಿಗಿಂತ ಮೇಲಿರುತ್ತದೆ.

ಬೆಳೆದದ್ದು ಮೂಳೆಯಲ್ಲ. ಬೆನ್ನುಮೂಳೆಯ ಮಣಿಗಳ ನಡುವೆ 23 ಮೆತ್ತನೆಯ ಬಿಲ್ಲೆಗಳಿವೆ. ಡಿಸ್ಕ್ ಜಾರಿದೆ ಎಂದು ನಾವು ಹೆದರಿ ಹೇಳುವುದು ಇವುಗಳನ್ನೇ. ಒಂದರ ಮೇಲೊಂದು ಪೇರಿಸಿ ನೋಡಿದರೆ ಬೆನ್ನುಮೂಳೆಯ ಉದ್ದದಲ್ಲಿ ಹೆಚ್ಚುಕಡಿಮೆ ಕಾಲು ಪಾಲು ಇವುಗಳದು. ಪ್ರತಿ ಬಿಲ್ಲೆಯ ಒಳತಿರುಳಿನಲ್ಲಿ ನೀರು ತುಂಬಿರುತ್ತದೆ. ಹಗಲೆಲ್ಲ ತಲೆಯ ಭಾರ, ಹೊಟ್ಟೆಯ ಭಾರ, ಹೊತ್ತ ಚೀಲದ ಭಾರ ಬಿದ್ದು ಆ ನೀರು ಸ್ವಲ್ಪ ಸ್ವಲ್ಪವೇ ಹೊರಗೆ ಹೋಗುತ್ತದೆ. ಮಲಗಿದಾಗ ಮತ್ತೆ ಒಳಗೆ ಬರುತ್ತದೆ. ಭಾರವೇ ಇಲ್ಲದ ಬಾಹ್ಯಾಕಾಶದಲ್ಲಿ ಯಾತ್ರಿಗಳು ಕೆಲವು ಸೆಂಟಿಮೀಟರ್ ಎತ್ತರವಾಗಿ, ಭೂಮಿಗೆ ಬಂದ ಮೇಲೆ ತಮ್ಮ ಮೊದಲಿನ ಅಳತೆಗೆ ಇಳಿಯುತ್ತಾರೆ.

ಈ ಹೋಗಿ ಬರುವ ನೀರಿನ ಮೇಲೆ ಬಿಲ್ಲೆಯ ಬದುಕು ನಿಂತಿದೆ. ಯಾಕೆಂದರೆ ಅದರ ತಿರುಳಿಗೆ ರಕ್ತನಾಳವೇ ಇಲ್ಲ. ಇವತ್ತು ಹೇಳಬೇಕೆಂದಿರುವುದು ಹೀಗೆ ರಕ್ತವಿಲ್ಲದೆ, ಒತ್ತಿ ಬಿಡುವ ದ್ರವದಿಂದಲೇ ಬದುಕುವ ಭಾಗಗಳ ಮಾತೇ; ನಮ್ಮ ಕೀಲುಗಳಲ್ಲೂ ಅವಿವೆ. ಮೊದಲು ಮೂಳೆಗಳಿಂದ ಶುರು ಮಾಡೋಣ.

ನಮ್ಮ ಮೂಳೆಗಳೆಷ್ಟು ಎಂದರೆ ಶಾಲೆಯ ಮಕ್ಕಳೂ 206 ಎಂದು ಥಟ್ಟನೆ ಹೇಳುತ್ತಾರೆ. ಆಯುರ್ವೇದದ ಹಳಬರಲ್ಲಿ ಸುಶ್ರುತ 300 ಎಂದ, ಚರಕ 360 ಎಂದ. ಅವರು ಎಣಿಸಲು ಬಾರದವರಲ್ಲ; ಹಲ್ಲನ್ನೂ ಮೂಳೆಯ ಲೆಕ್ಕಕ್ಕೆ ಹಿಡಿದಿದ್ದರು, ಸುಶ್ರುತ ಮೃದ್ವಸ್ಥಿಯನ್ನೂ, ಅಂದರೆ ಕಾರ್ಟಿಲೇಜನ್ನೂ, ಸೇರಿಸಿದ್ದ. ಹೆಣವನ್ನು ಹರಿಯುವ ನೀರಿನಲ್ಲಿ ಏಳು ದಿನ ಇಟ್ಟು, ಮೆತ್ತಗಾದ ಮೇಲೆ ಪದರ ಪದರವಾಗಿ ಉಜ್ಜಿ ಕಣ್ಣಾರೆ ನೋಡಬೇಕೆಂದು ಹೇಳಿದವನು ಅವನು. ಕೀಲುಗಳನ್ನು ಎಂಟು ಬಗೆ ಮಾಡಿದವನೂ ಅವನೇ. ಸೊಂಟದ ಕೀಲನ್ನೂ ಭುಜದ ಕೀಲನ್ನೂ ಉಲೂಖಲ, ಅಂದರೆ ಒರಳು, ಎಂಬ ಒಂದೇ ಗುಂಪಿಗೆ ಹಾಕಿದ. ಸೊಂಟಕ್ಕೆ ಆ ಹೆಸರು ಸರಿಯಾಗಿ ಹೊಂದುತ್ತದೆ. ತೊಡೆಮೂಳೆಯ ಗುಂಡು ಅಲ್ಲಿ ಆಳವಾಗಿ ಕೂತಿದೆ. ಭುಜದ ಗುಳಿಗೆ ಆ ಆಳವಿಲ್ಲ. ಅದಕ್ಕೇ ಕೈ ಅಷ್ಟು ಸಲೀಸಾಗಿ ಎಲ್ಲ ಕಡೆಗೂ ತಿರುಗುತ್ತದೆ, ಅದಕ್ಕೇ ಕಬಡ್ಡಿ ಆಡುವವರ ಭುಜ ಅಷ್ಟು ಸುಲಭವಾಗಿ ತಪ್ಪುತ್ತದೆ.

ಆದರೆ ನಮ್ಮ ಮನೆಗಳಲ್ಲಿ ದಿನಾ ಮಾತಿಗೆ ಬರುವ ಕೀಲು ಮಂಡಿ. ನೆಟ್ಟಗೆ ನಿಂತಾಗ ಕಾಲು ಚಾಚುವ ಕೊನೆಯ ಕೆಲವು ಡಿಗ್ರಿಗಳಲ್ಲಿ ತೊಡೆಮೂಳೆ ಒಂದಿಷ್ಟು ಒಳಕ್ಕೆ ತಿರುಗಿ ಕೀಲು ತಾನೇ ಬಿಗಿದುಕೊಳ್ಳುತ್ತದೆ. ರೇಷನ್ ಅಂಗಡಿಯ ಸಾಲಿನಲ್ಲಿ ಗಂಟೆಗಟ್ಟಲೆ ನಿಂತರೂ ತೊಡೆಯ ಸ್ನಾಯು ಸೋಲದಿರುವುದು ಇದರಿಂದ. ಮತ್ತೆ ಹೆಜ್ಜೆ ಎತ್ತಬೇಕಾದಾಗ ಮಂಡಿಯ ಹಿಂದಿರುವ ಒಂದು ಪುಟ್ಟ ಸ್ನಾಯು ಆ ಬಿಗಿತ ಬಿಚ್ಚುತ್ತದೆ. ನಮಗೆ ಗೊತ್ತೂ ಆಗುವುದಿಲ್ಲ.

ಮೂಳೆಗಳು ಒಂದಕ್ಕೊಂದು ತಾಗುವಲ್ಲಿ ನುಣುಪಾದ ಮೃದ್ವಸ್ಥಿಯ ಪದರವಿದೆ. ದಪ್ಪ ಕೆಲವೇ ಮಿಲಿಮೀಟರ್. ಅದರೊಳಗೂ ರಕ್ತ ಹರಿಯುವುದಿಲ್ಲ, ನರವೂ ಇಲ್ಲ. ಊಟ ಬರುವುದು ಕೀಲಿನ ದ್ರವದಿಂದ. ಆರೋಗ್ಯವಾದ ಮಂಡಿಯಲ್ಲಿ ಆ ದ್ರವ ಒಂದು ಟೀ ಚಮಚದಷ್ಟೂ ಇರುವುದಿಲ್ಲ. ಹೆಜ್ಜೆ ಊರಿದಾಗ ಪದರ ಒತ್ತಿಕೊಂಡು ಹಳೆಯ ದ್ರವ ಹೊರಗೆ ಬರುತ್ತದೆ, ಹೆಜ್ಜೆ ಎತ್ತಿದಾಗ ಹೊಸದನ್ನು ಹೀರಿಕೊಳ್ಳುತ್ತದೆ. ಅಂದರೆ ಮಂಡಿಗೆ ಊಟ ಬಡಿಸುವುದು ನಡಿಗೆ.

ಇದನ್ನು ತಿಳಿದ ಮೇಲೆ ನಮ್ಮ ಒಂದು ಗಟ್ಟಿ ನಂಬಿಕೆ ಅಲುಗಾಡುತ್ತದೆ. ಮಂಡಿ ನೋಯತೊಡಗಿತು ಅನ್ನಿ. ಎಕ್ಸ್‌ರೇ ತೆಗೆಸುತ್ತೇವೆ, ಗ್ಯಾಪ್ ಕಮ್ಮಿಯಾಗಿದೆ ಅನ್ನುತ್ತಾರೆ. ಮನೆಗೆ ಬಂದ ಕೂಡಲೇ ಮೊದಲು ನಿಲ್ಲುವುದು ಸಂಜೆಯ ವಾಕಿಂಗು. "ಅಮ್ಮಾ, ನೀವು ಏಳಬೇಡಿ, ಸವೆದಿರೋದು ಇನ್ನೂ ಸವೆಯುತ್ತೆ" ಎಂದು ಮಕ್ಕಳೇ ಪ್ರೀತಿಯಿಂದ ಕೂರಿಸುತ್ತಾರೆ. ಕೂತ ಅಮ್ಮನ ತೊಡೆಯ ಸ್ನಾಯು ತಿಂಗಳೊಪ್ಪತ್ತಿನಲ್ಲೇ ಸೊರಗುತ್ತದೆ. ಅದು ಹೊರುತ್ತಿದ್ದ ಪೆಟ್ಟೆಲ್ಲ ಕೀಲಿನ ಮೇಲೆಯೇ ಬೀಳುತ್ತದೆ, ನೋವು ಹೆಚ್ಚುತ್ತದೆ, ಅಮ್ಮ ಇನ್ನಷ್ಟು ಕೂರುತ್ತಾರೆ. ಪ್ರೀತಿಯೇ ಇಲ್ಲಿ ಅಡ್ಡ ಬರುವುದು ನನಗೆ ಬಹಳ ಬೇಸರದ ಸಂಗತಿ. ಇನ್ನೊಂದು ಮಾತು: ಎಕ್ಸ್‌ರೇಯಲ್ಲಿ ಮೃದ್ವಸ್ಥಿ ಕಾಣುವುದೇ ಇಲ್ಲ, ಕಾಣುವುದು ಮೂಳೆಗಳ ನಡುವಿನ ಸಂದು. ಆ ಸಂದು ಕಿರಿದಾಗಿಯೂ ಆರಾಮಾಗಿ ಓಡಾಡಿಕೊಂಡಿರುವವರು ಬೇಕಾದಷ್ಟು ಮಂದಿ ಇದ್ದಾರೆ.

ಓಡುವವರ ಮಂಡಿ ಬೇಗ ಹಾಳಾಗುತ್ತದೆ ಎನ್ನುವ ಮಾತೂ ಇದೆಯಲ್ಲ, ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ ಬೇರೆಯದನ್ನೇ ಹೇಳಿತು. ಹವ್ಯಾಸಕ್ಕೆ ಓಡುವವರಲ್ಲಿ ಸೊಂಟ, ಮಂಡಿಗಳ ಸಂಧಿವಾತ ನೂರಕ್ಕೆ ಮೂರು ನಾಲ್ಕು ಜನರಲ್ಲಿ ಕಂಡರೆ, ಓಡದೆ ಇದ್ದವರಲ್ಲಿ ಸುಮಾರು ಹತ್ತು ಜನರಲ್ಲಿ ಕಂಡಿತು. ಪಂದ್ಯಕ್ಕಾಗಿಯೇ ಮೈ ದಂಡಿಸುವ ಓಟಗಾರರಲ್ಲಿ ಮಾತ್ರ ಅದು ಹದಿಮೂರಕ್ಕೆ ಏರಿತ್ತು. ಅತಿಗೆ ಹೋದರೆ ಕಷ್ಟವೇ. ಆದರೆ ನಮ್ಮಲ್ಲಿ ಬಹುಪಾಲು ಜನ ಆ ಅತಿಯಿಂದ ಬಹಳ ದೂರದಲ್ಲಿ ಸೋಫಾದ ಮೇಲಿದ್ದೇವೆ.

ಎಲ್ಲ ನೋವಿಗೂ ನಡೆಯುವುದೇ ಮದ್ದು ಎಂದು ನಾನು ಹೇಳುತ್ತಿಲ್ಲ. ಬೆಳಗ್ಗೆ ಎದ್ದಾಗಿನ ಬಿಗಿತ ಅರ್ಧ ಗಂಟೆಯೊಳಗೆ ಸಡಿಲವಾದರೆ ಅದು ಹೆಚ್ಚಾಗಿ ವಯಸ್ಸಿನ ಕೀಲುನೋವು. ಒಂದು ಗಂಟೆ ದಾಟಿದರೂ ಬೆರಳು ಮಡಚಲಾಗದಿದ್ದರೆ, ಕೀಲು ಊದಿ ಬಿಸಿಯಾಗಿದ್ದರೆ, ಎಣ್ಣೆ ತಿಕ್ಕಿಕೊಂಡು ದಿನ ತಳ್ಳಬೇಡಿ, ವೈದ್ಯರಿಗೆ ತೋರಿಸಿ. ಬಿದ್ದು ಪೆಟ್ಟಾದ ಕಾಲಿಗೂ ಇದೇ ಮಾತು.

ಹಾಗೆಯೇ ಕೀಲು ಲಟಕ್ಕೆಂದರೆ ಸವೆಯಿತು ಎಂದು ಗಾಬರಿ ಬೀಳಬೇಕಿಲ್ಲ. ಬೆರಳಿನ ನೆಟಿಗೆ ತೆಗೆದಾಗ ಕೀಲಿನ ಸಂದು ಹಿಗ್ಗಿ, ಒಳಗಿನ ದ್ರವದ ಒತ್ತಡ ಇಳಿದು, ಅನಿಲದ ಗುಳ್ಳೆ ಏಳುತ್ತದೆ, ಸದ್ದು ಅದರದು. ಮತ್ತೆ ಅದೇ ಬೆರಳು ಸದ್ದು ಮಾಡಬೇಕಾದರೆ ಸುಮಾರು ಇಪ್ಪತ್ತು ನಿಮಿಷ ಕಾಯಬೇಕು. ಅಮೆರಿಕದ ಡಾಕ್ಟರ್ ಡೊನಾಲ್ಡ್ ಉಂಗರ್ ಅವರಿಗೆ ಚಿಕ್ಕಂದಿನಲ್ಲಿ ತಾಯಿ, ಚಿಕ್ಕಮ್ಮಂದಿರು ನೆಟಿಗೆ ತೆಗೆದರೆ ಸಂಧಿವಾತ ಬರುತ್ತದೆ ಎಂದು ಗದರಿಸಿದ್ದರಂತೆ. ಅವರು ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಎಡಗೈಯದನ್ನು ಮಾತ್ರ ದಿನಾ ತೆಗೆದು, ಬಲಗೈಯನ್ನು ಹಾಗೆಯೇ ಬಿಟ್ಟರು. ಎರಡೂ ಕೈಗಳಲ್ಲಿ ಸಂಧಿವಾತ ಕಾಣಲಿಲ್ಲ. 2009ರಲ್ಲಿ ಅವರಿಗೆ ಇಗ್ ನೊಬೆಲ್ ಎಂಬ ತಮಾಷೆಯ ಬಹುಮಾನ ಬಂತು. ಒಬ್ಬರ ಎರಡು ಕೈಗಳಿಂದ ದೊಡ್ಡ ಸಿದ್ಧಾಂತವೇನೂ ಹುಟ್ಟುವುದಿಲ್ಲ, ನಿಜ. ಆದರೂ ಮೊಮ್ಮಗುವಿಗೆ ದೃಷ್ಟಿ ನಿವಾಳಿಸಿ ತನ್ನ ಹಣೆಯ ಪಕ್ಕಕ್ಕೆ ಬೆರಳೊತ್ತಿ ಲಟಲಟ ನೆಟಿಗೆ ಮುರಿಯುವ ಅಜ್ಜಿಯನ್ನು ಕೀಲಿನ ಹೆಸರು ಹೇಳಿ ತಡೆಯಬೇಕಾಗಿಲ್ಲ.