ಊರವರ ಪ್ರಶ್ನೆಗಳಿಗೆ ಉತ್ತರ: ದುಡಿಮೆ, ಆರೋಗ್ಯ, ಮುದ್ರಣ

(ಅಕ್ಕಲಕೋಟೆ ತಾಲೂಕಿನ ಒಂದು ಗ್ರಾಮದ ವಾಚನಾಲಯದಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಪ್ರತಿ ವರ್ಷ ದೀಪಾವಳಿಯ ಹೊತ್ತಿಗೆ ನಮ್ಮ ಶಾಲೆಯ ಹಾಜರಿ ಪುಸ್ತಕದಲ್ಲಿ ಗೈರುಹಾಜರಿಯ ಗುರುತುಗಳು ಹೆಚ್ಚತೊಡಗುತ್ತವೆ. ಸಕ್ಕರೆ ಕಾರಖಾನೆಗಳ ಹಂಗಾಮು ಆರಂಭವಾಯಿತೆಂದು ಅರಿಯಲು ನಮಗೆ ಬೇರೆ ಪಂಚಾಂಗ ಬೇಕಿಲ್ಲ. ಕಬ್ಬು ಕಡಿಯಲು ಹೊರಟ ತಂದೆತಾಯಿಗಳೊಡನೆ ಮಕ್ಕಳೂ ಗಾಡಿ ಏರುತ್ತಾರೆ. ಯುಗಾದಿಯ ಸುಮಾರಿಗೆ ಮರಳುತ್ತಾರೆ. ಹೊರಡುವ ಮುನ್ನ ಅನೇಕರು ಶಾಲೆಯ ಕಟ್ಟೆಗೆ ಬಂದು, “ಗುರುಗಳೇ, ಇದಕ್ಕೇನು ಮಾಡಬೇಕು?” ಎಂದು ಕೇಳುತ್ತಾರೆ. ಆ ಪ್ರಶ್ನೆಗಳನ್ನು ನಾವು ಒಂದು ವಹಿಯಲ್ಲಿ ಬರೆದಿಡುತ್ತ ಬಂದಿದ್ದೇವೆ. ಅವುಗಳಲ್ಲಿ ಏಳನ್ನು ಆರಿಸಿಕೊಂಡು ಇಂದು ತಮ್ಮ ಮುಂದೆ ಉತ್ತರ ಹೇಳಬಯಸುತ್ತೇವೆ.

ನಾವು ವೈದ್ಯರಲ್ಲ, ವಕೀಲರೂ ಅಲ್ಲ, ಅಕ್ಷರ ಕಲಿಸತಕ್ಕವರು. ಆದುದರಿಂದ ನಮ್ಮ ಉತ್ತರಗಳೆಲ್ಲ ಕೊನೆಗೆ ಬರವಣಿಗೆಗೇ ಬಂದು ನಿಂತರೆ ತಾವು ಆಶ್ಚರ್ಯಪಡಬಾರದು.

ಮೊದಲನೆಯ ಪ್ರಶ್ನೆ: “ಮುಕಾದಮನಿಂದ ಉಚಲು ತೆಗೆದುಕೊಂಡೆವು. ಹಂಗಾಮು ಮುಗಿದರೂ ಸಾಲ ಮುಗಿಯಲಿಲ್ಲ. ಏಕೆ?”

ಉಚಲೆಂದರೆ ಮುಂದೆ ಮಾಡುವ ಕೆಲಸಕ್ಕಾಗಿ ಮೊದಲೇ ಪಡೆದ ಹಣ. ಅದನ್ನು ಪಡೆಯುವುದು ತಪ್ಪಲ್ಲ. ಲೆಕ್ಕ ಬರೆದಿಡದಿರುವುದು ತಪ್ಪು. ಒಂದು ಲೆಕ್ಕ ಮಾಡಿ ನೋಡೋಣ. ಗಣಿತ ಸುಲಭವಾಗಲೆಂದು ಟನ್ನಿಗೆ 300 ರೂಪಾಯಿ ಎಂದು ಹಿಡಿಯೋಣ. ನಿಜವಾದ ದರವನ್ನು ತಾವು ಹೊರಡುವ ಮೊದಲೇ ಕೇಳಿ ತಿಳಿಯತಕ್ಕದ್ದು. ಗಂಡಹೆಂಡಿರು 60,000 ರೂಪಾಯಿ ಮುಂಗಡ ಪಡೆದಿದ್ದರೆ, ಅದು ತೀರಲು 200 ಟನ್ ಕಬ್ಬು ಕಡಿಯಬೇಕು. ದಿನಕ್ಕೆ 2 ಟನ್ ಆದರೆ 100 ದಿನ. ಈಗ ದಿನವೊಂದಕ್ಕೆ ಒಂದೇ ಒಂದು ಕ್ವಿಂಟಲ್ ಲೆಕ್ಕದಲ್ಲಿ ಬಿಟ್ಟುಹೋಯಿತೆನ್ನಿ. ನೂರು ದಿನಕ್ಕೆ 10 ಟನ್. ಅಂದರೆ 3,000 ರೂಪಾಯಿ. ಯಾರೂ ಕಸಿಯಲಿಲ್ಲ, ಯಾರೂ ಗದರಿಸಲಿಲ್ಲ. ಹಣ ಮಾತ್ರ ಹೋಯಿತು.

ಆದುದರಿಂದ ಒಂದು ಸಣ್ಣ ವಹಿಯನ್ನು ಜೊತೆಯಲ್ಲಿ ಒಯ್ಯಿರಿ. ಪಡೆದ ಮುಂಗಡ, ತಾರೀಖು, ಮಾತಾದ ದರ, ಕೊಟ್ಟವರ ಸಹಿ: ಇವು ಮೊದಲನೆಯ ಪುಟದಲ್ಲಿರಲಿ. ಕಾಟಾದ ಚೀಟಿಯಲ್ಲಿ ಬಂದ ತೂಕವನ್ನು ಅಂದಂದೇ ಬರೆಯಿರಿ. ಕೈಗಡ ಪಡೆದ ಸಣ್ಣ ಮೊತ್ತವನ್ನೂ ಬಿಡಬೇಡಿರಿ. ಜೋಡಿಗೆ ಒಂದೇ ಕೋಯತಾ ಎಂದು ಎಣಿಸುವ ರೂಢಿಯಿಂದ ತಾಯಂದಿರ ಹೆಸರು ಲೆಕ್ಕದಲ್ಲಿ ಬರುವುದೇ ಇಲ್ಲ. ಮೊದಲನೆಯ ಪುಟದಲ್ಲಿ ಇಬ್ಬರ ಹೆಸರನ್ನೂ ಬರೆಯಿಸಿರಿ. ಓದಲು ಬಾರದವರು ಮಗನಿಂದಲೋ ಮಗಳಿಂದಲೋ ಬರೆಯಿಸಲಿ. ಐದನೆಯ ಇಯತ್ತೆಯ ಮಗುವಿಗೆ ಈ ಲೆಕ್ಕ ಬರುತ್ತದೆ, ನಾವು ಕಲಿಸಿದ್ದೇವೆ.

ಇನ್ನೊಂದು ಮಾತು. ಸಾಲ ತೀರಿಲ್ಲವೆಂಬ ನೆಪದಿಂದ ಮನುಷ್ಯರನ್ನು ಬೇರೆಡೆಗೆ ಹೋಗಗೊಡದೆ ತಡೆದಿಟ್ಟು ದುಡಿಸಿಕೊಳ್ಳುವುದು 1976ರ ಜೀತಪದ್ಧತಿ ನಿರ್ಮೂಲನ ಕಾಯಿದೆಯ ಪ್ರಕಾರ ಶಿಕ್ಷಾರ್ಹ ಅಪರಾಧ. ಅಂತಹ ಸಂದರ್ಭದಲ್ಲಿ ಆ ಜಿಲ್ಲೆಯ ಕಲೆಕ್ಟರರಿಗೆ ಅರ್ಜಿ ಕೊಡಬಹುದು.

ಎರಡನೆಯ ಪ್ರಶ್ನೆ: “ಅರ್ಜಿ ಎಂದಿರಿ. ನಮಗೆ ಮರಾಠಿಯಲ್ಲಿ ಬರೆಯಲು ಬಾರದು. ಕನ್ನಡದಲ್ಲಿ ಬರೆದರೆ ತೆಗೆದುಕೊಳ್ಳುವರೇ?”

ಭಾರತ ಸಂವಿಧಾನದ 350ನೆಯ ವಿಧಿಯು ಇದಕ್ಕೆ ಉತ್ತರ ಹೇಳುತ್ತದೆ. ತನ್ನ ಕುಂದುಕೊರತೆಯ ಪರಿಹಾರಕ್ಕಾಗಿ ಯಾವ ವ್ಯಕ್ತಿಯಾದರೂ, ಒಕ್ಕೂಟದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ, ಸರಕಾರದ ಯಾವ ಅಧಿಕಾರಿಗಾದರೂ ಮನವಿ ಸಲ್ಲಿಸಬಹುದು. ಉತ್ತರವೂ ಕನ್ನಡದಲ್ಲಿಯೇ ಬರಬೇಕೆಂದು ಆ ವಿಧಿಯಲ್ಲಿ ಹೇಳಿಲ್ಲ. ಆದುದರಿಂದ ವ್ಯವಹಾರದ ದೃಷ್ಟಿಯಿಂದ ನಮ್ಮ ಸಲಹೆ ಇದು: ಮೇಲೆ ಕನ್ನಡದಲ್ಲಿ ಬರೆಯಿರಿ, ಕೆಳಗೆ ಅದರ ಮರಾಠಿ ಸಾರಾಂಶ ಬರೆಯಿಸಿರಿ. ಕನ್ನಡದಿಂದ ತಮ್ಮ ಮಾತು ತಮ್ಮದಾಗಿ ಉಳಿಯುತ್ತದೆ. ಮರಾಠಿಯಿಂದ ಕೆಲಸ ಬೇಗ ಸಾಗುತ್ತದೆ. ನೆರೆಯ ಭಾಷೆಯನ್ನು ಕಲಿಯುವುದು ಸೋಲಲ್ಲ. ಆದರೆ ಅರ್ಥವಾಗದ ಕಾಗದಕ್ಕೆ ಹೆಬ್ಬೆಟ್ಟು ಒತ್ತುವುದು ಮಾತ್ರ ಯಾವ ಭಾಷೆಯಲ್ಲಿಯೂ ಸಲ್ಲದು. ಅರ್ಜಿಯ ಎರಡು ಪ್ರತಿ ಮಾಡಿ, ಒಂದರ ಮೇಲೆ ಕಚೇರಿಯ ಶಿಕ್ಕೆಯನ್ನೂ ತಾರೀಖನ್ನೂ ಹಾಕಿಸಿ ತಂದುಕೊಳ್ಳಿರಿ.

ಮೂರನೆಯ ಪ್ರಶ್ನೆ: “ಮಕ್ಕಳ ಓದು ಏನಾಗಬೇಕು?”

ಅಜ್ಜ ಅಜ್ಜಿಯರ ಬಳಿ ಬಿಟ್ಟುಹೋಗಲು ಸಾಧ್ಯವಿದ್ದರೆ ಅದೇ ಉತ್ತಮ. ದೇಶದ ಯಾವ ಭಾಗದಲ್ಲಿದ್ದರೂ ತಮ್ಮ ಪಡಿತರ ಚೀಟಿಯ ಮೇಲೆ ಧಾನ್ಯ ಪಡೆಯುವ ವ್ಯವಸ್ಥೆ ಇದೆ. ಸ್ವಲ್ಪ ಭಾಗವನ್ನು ತಾವು ಅಲ್ಲಿ, ಉಳಿದುದನ್ನು ಮನೆಯವರು ಇಲ್ಲಿ ಪಡೆಯಬಹುದು. ಹೀಗಾಗಿ ಅನ್ನದ ಚಿಂತೆಗೆಂದೇ ಮಗುವನ್ನು ಶಾಲೆ ಬಿಡಿಸಿ ಒಯ್ಯಬೇಕಾಗಿಲ್ಲ. ಒಯ್ಯಲೇಬೇಕಾದರೆ, 2009ರ ಶಿಕ್ಷಣ ಹಕ್ಕು ಕಾಯಿದೆಯು ತಮ್ಮ ನೆರವಿಗಿದೆ. ವರ್ಗಾವಣೆ ಪತ್ರ ತರುವುದು ತಡವಾಯಿತೆಂಬ ಕಾರಣದಿಂದ ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲ. ಆದರೂ ಹೊರಡುವ ಮುನ್ನ ನಮ್ಮಿಂದ ಒಂದು ಚೀಟಿ ಪಡೆಯಿರಿ.

ಶಾಲೆಯ ದಾಖಲೆ ಮುಂದೆಯೂ ಬೇಕಾಗುತ್ತದೆ. ಕರ್ನಾಟಕದ ವೃತ್ತಿಶಿಕ್ಷಣ ಪ್ರವೇಶದ ನಿಯಮಗಳಲ್ಲಿ ಗಡಿನಾಡ ಕನ್ನಡಿಗರೆಂಬ ಒಂದು ವರ್ಗವಿದೆ. ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ, ಕಾಸರಗೋಡು, ಮಂಜೇಶ್ವರ ತಾಲೂಕುಗಳ ಮಕ್ಕಳು ಇದರಲ್ಲಿ ಬರುತ್ತಾರೆ. ನಿಗದಿಯಾದಷ್ಟು ವರ್ಷ ಇಲ್ಲಿ ಓದಿದ ದಾಖಲೆ ಬೇಕು. ಕನ್ನಡದ ಪರೀಕ್ಷೆಯನ್ನೂ ಬರೆಯಬೇಕು. ಆಯಾ ವರ್ಷದ ಸೂಚನಾಪತ್ರ ನೋಡಿಯೇ ಅರ್ಜಿ ಹಾಕತಕ್ಕದ್ದು. ಇಂದು ಹಾಜರಿ ಪುಸ್ತಕದಲ್ಲಿ ಬಿದ್ದ ಖಾಲಿ ಗುರುತು ಹತ್ತು ವರ್ಷದ ಮೇಲೆ ಒಂದು ಬಾಗಿಲನ್ನು ಮುಚ್ಚಬಹುದೆಂಬುದನ್ನು ಮರೆಯಬಾರದು.

ನಾಲ್ಕನೆಯ ಪ್ರಶ್ನೆ: “ಕಬ್ಬಿನ ಹೊಲದಲ್ಲಿ ಹಾವು ಕಚ್ಚಿದರೆ?”

ಕೊಯ್ಯಬೇಡಿರಿ, ಬಾಯಿಂದ ಹೀರಬೇಡಿರಿ, ಹಗ್ಗದಿಂದ ಬಿಗಿಯಬೇಡಿರಿ, ಮಂತ್ರದವರ ಮನೆಯಲ್ಲಿ ಹೊತ್ತು ಕಳೆಯಬೇಡಿರಿ. ಕಚ್ಚಿದ ಕೈಯಲ್ಲಿಯ ಬಳೆ, ಉಂಗುರ, ಕಾಲಿನ ಕಡಗಗಳನ್ನು ಬಾವು ಬರುವ ಮೊದಲೇ ತೆಗೆಯಿರಿ. ಮುರಿದ ಎಲುಬಿಗೆ ಕಟ್ಟುವಂತೆ ಒಂದು ಕೋಲನ್ನಿಟ್ಟು ಆ ಅಂಗ ಅಲುಗದಂತೆ ಸಡಿಲವಾಗಿ ಕಟ್ಟಿರಿ. ಕಚ್ಚಿಸಿಕೊಂಡವರನ್ನು ನಡೆಯಿಸದೆ ಹೊತ್ತೊಯ್ಯಿರಿ. 108ಕ್ಕೆ ಕರೆ ಮಾಡಿದರೆ ಸರಕಾರಿ ಆಂಬ್ಯುಲೆನ್ಸ್ ಬರುತ್ತದೆ. ತಡವಾಗುವಂತಿದ್ದರೆ ಸಿಕ್ಕ ಗಾಡಿಯಲ್ಲಿ ಹೊರಡಿರಿ. ಹಾವನ್ನು ಹಿಡಿದು ತರಬೇಕಾಗಿಲ್ಲ. ದವಾಖಾನೆಯಲ್ಲಿ ಕೊಡುವ ಮದ್ದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕರ ವಿಷಕ್ಕೂ ಒಂದೇ. ಕಚ್ಚಿದ ಹೊತ್ತನ್ನು ಮಾತ್ರ ಚೀಟಿಯ ಮೇಲೆ ಬರೆದೊಯ್ಯಿರಿ.

ಜೋಪಡಿಯಲ್ಲಿ ನೆಲದ ಮೇಲೆ ಮಲಗುವವರಿಗೆ ಒಂದು ಎಚ್ಚರಿಕೆ. ಕಟ್ಟುಹಾವು ರಾತ್ರಿ ಕಚ್ಚುತ್ತದೆ. ನೋವೂ ಗಾಯವೂ ಕಾಣದಿರಬಹುದು. ಬೆಳಗಿನ ಜಾವದಲ್ಲಿ ಹೊಟ್ಟೆನೋವೆಂದು ಎದ್ದವರ ಕಣ್ಣೆವೆ ಜೋತುಬಿದ್ದು, ಮಾತು ತೊದಲಿದರೆ, ಅಜೀರ್ಣವೆಂದು ಕೂಡಬೇಡಿರಿ. ಕೂಡಲೇ ದವಾಖಾನೆಗೆ ಒಯ್ಯಿರಿ. ಸೊಳ್ಳೆಪರದೆಯ ಅಂಚನ್ನು ಹಾಸಿಗೆಯ ಅಡಿಗೆ ಸಿಕ್ಕಿಸಿ ಮಲಗುವುದು ಸೊಳ್ಳೆಗೂ ಹಾವಿಗೂ ಒಳ್ಳೆಯ ತಡೆ.

ಐದನೆಯ ಪ್ರಶ್ನೆ: “ಕೂಸಿಗೆ ಭೇದಿ ಹತ್ತಿದರೆ ನೀರು ಕೊಡಬಾರದು ಎನ್ನುತ್ತಾರೆ. ನಿಜವೇ?”

ನಿಜವಲ್ಲ, ಆ ಮಾತಿನಿಂದಲೇ ಕೂಸುಗಳು ಸಾಯುತ್ತವೆ. ಭೇದಿಯಲ್ಲಿ ಜೀವ ತೆಗೆಯುವುದು ಮೈಯೊಳಗಿನ ನೀರೂ ಲವಣವೂ ಬತ್ತುವುದು. ದವಾಖಾನೆಯಲ್ಲಿಯೂ ಆಶಾ ಕಾರ್ಯಕರ್ತೆಯರ ಬಳಿಯಲ್ಲಿಯೂ ಸಿಗುವ ಓಆರ್‌ಎಸ್ ಪುಡಿಯನ್ನು, ಪೊಟ್ಟಣದ ಮೇಲೆ ಬರೆದಷ್ಟೇ ಕುದಿಸಿ ಆರಿಸಿದ ನೀರಿನಲ್ಲಿ ಕಲಸಿ, ಸ್ವಲ್ಪಸ್ವಲ್ಪವಾಗಿ ಕುಡಿಸಿರಿ. ಪುಡಿ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಚಹಾ ಚಮಚದಿಂದ ಮಟ್ಟಸವಾಗಿ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಉಪ್ಪು ಹೆಚ್ಚಾಗಕೂಡದು. ಎದೆಹಾಲನ್ನು ನಿಲ್ಲಿಸಬೇಡಿರಿ. ಜೊತೆಗೆ ಕೊಡುವ ಸತುವಿನ ಗುಳಿಗೆಯನ್ನು, ಭೇದಿ ನಿಂತರೂ, 14 ದಿನ ಪೂರ್ತಿ ಕೊಡಿರಿ. ಕಣ್ಣು ಗುಳಿಬಿದ್ದರೆ, ಮೂತ್ರ ನಿಂತರೆ, ಮಲದಲ್ಲಿ ರಕ್ತ ಕಂಡರೆ, ಕೂಸು ಕುಡಿಯದಂತಾದರೆ, ಒಂದು ಗಳಿಗೆಯೂ ತಡೆಯಬೇಡಿರಿ.

ಆರನೆಯ ಪ್ರಶ್ನೆಯನ್ನು ಒಬ್ಬ ತಾಯಿ ನಮ್ಮ ಮನೆಯವರ ಮೂಲಕ ಕೇಳಿ ಕಳುಹಿಸಿದರು: “ಬಿಳಿಸೆರಗು, ಕಿಬ್ಬೊಟ್ಟೆಯ ನೋವು ಎಂದು ಹೋದರೆ ಗರ್ಭಕೋಶವನ್ನೇ ತೆಗೆಸಿಬಿಡು ಎನ್ನುತ್ತಾರೆ. ಏನು ಮಾಡಲಿ?”

ಇಂತಹ ವಿಷಯವನ್ನು ಸಭೆಯಲ್ಲಿ ಆಡಬಾರದೆಂದು ಕೆಲವರು ಹೇಳಬಹುದು. ಆಡದೆ ಉಳಿದುದರಿಂದಲೇ ಹಾನಿಯಾಗಿದೆ. ಇದೇ ರಾಜ್ಯದ ಬೀಡ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಅನೇಕ ಹೆಣ್ಣುಮಕ್ಕಳು ಚಿಕ್ಕ ವಯಸ್ಸಿನಲ್ಲಿಯೇ ಈ ಶಸ್ತ್ರಕ್ರಿಯೆಗೆ ಒಳಗಾದ ಸಂಗತಿ 2019ರಲ್ಲಿ ವಿಧಾನಮಂಡಲದವರೆಗೆ ಹೋಗಿ, ಸರಕಾರವು ವಿಚಾರಣಾ ಸಮಿತಿಯನ್ನು ನೇಮಿಸಬೇಕಾಯಿತು. ಬಿಳಿಸೆರಗು ಎಂದರೆ ಅರ್ಬುದ ರೋಗವೆಂದಲ್ಲ. ಅನೇಕ ವೇಳೆ ಅದು ಗುಳಿಗೆಯಿಂದ ಗುಣವಾಗುವ ಸೋಂಕು. ಗರ್ಭಕೋಶದ ಜೊತೆಗೆ ಅಂಡಾಶಯವನ್ನೂ ಚಿಕ್ಕ ವಯಸ್ಸಿನಲ್ಲಿ ತೆಗೆದರೆ ಎಲುಬುಗಳು ಬೇಗ ಸವೆಯುತ್ತವೆ. ಶಸ್ತ್ರಕ್ರಿಯೆ ನಿಜವಾಗಿಯೂ ಬೇಕಾಗುವ ರೋಗಗಳೂ ಇವೆ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಮುಟ್ಟಿನ ದಿನಗಳಲ್ಲಿ ಕೂಲಿ ತಪ್ಪುತ್ತದೆಂಬುದು ಶಸ್ತ್ರಕ್ರಿಯೆಗೆ ಕಾರಣವಾಗಲಾರದು. ತಾಯೀ, ಮೂರು ಮಾತು ಕೇಳಿರಿ: ರೋಗದ ಹೆಸರೇನು? ಗುಳಿಗೆಯಿಂದ ಆಗುವುದಿಲ್ಲವೇ? ಏನೇನನ್ನು ತೆಗೆಯುತ್ತೀರಿ? ಉತ್ತರವನ್ನು ಚೀಟಿಯ ಮೇಲೆ ಬರೆಯಿಸಿಕೊಂಡು, ಸರಕಾರಿ ದವಾಖಾನೆಯ ಇನ್ನೊಬ್ಬ ವೈದ್ಯರಿಗೆ ತೋರಿಸಿರಿ. ಆ ಬಳಿಕ ನಿರ್ಧಾರ ಮಾಡಿರಿ.

ಏಳನೆಯ ಪ್ರಶ್ನೆ ತರುಣರದು: “ನಮ್ಮೂರ ಹಾಡುಗಳನ್ನು ಪುಸ್ತಕ ಮಾಡಬೇಕು. ಹೇಗೆ?”

ಇದಕ್ಕೆ ಉತ್ತರಿಸುವ ಮೊದಲು ನಮ್ಮ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ನಮ್ಮ ವಿದ್ಯಾರ್ಥಿಯೊಬ್ಬನ ಅಜ್ಜಿ ಬೀಸುವ ಕಲ್ಲಿನ ಪದಗಳನ್ನು ರಾತ್ರಿಯಿಡೀ ಹಾಡಬಲ್ಲವರಾಗಿದ್ದರು. ಬೇಸಗೆಯ ಸೂಟಿಯಲ್ಲಿ ಬಂದು ಬರೆದುಕೊಳ್ಳುವೆವೆಂದು ಮಾತು ಕೊಟ್ಟೆವು. ಒಂದು ಸೂಟಿ ಹೋಯಿತು, ಎರಡನೆಯದೂ ಹೋಯಿತು. ಮೂರನೆಯದರಲ್ಲಿ ವಹಿ ಹಿಡಿದು ಹೋದಾಗ ಅಂಗಳದಲ್ಲಿ ಬೀಸುವ ಕಲ್ಲು ಇತ್ತು, ಅಜ್ಜಿ ಇರಲಿಲ್ಲ. ಲೆಕ್ಕ ಬರೆಯಿರೆಂದು ತಮಗೆ ಬೋಧಿಸುವ ನಾವೇ ಬರೆಯದೆ ಕಳೆದುಕೊಂಡೆವು.

ಆದುದರಿಂದ ಮೊದಲು ಬರೆದುಕೊಳ್ಳಿರಿ. ಮುದ್ರಣದ ಮಾತು ಆಮೇಲೆ. ಹಾಡಿದವರ ಹೆಸರು, ಊರು, ತಾರೀಖು ಬರೆಯಿರಿ. ಅವರ ಮಾತನ್ನು ತಿದ್ದಬೇಡಿರಿ; ಅಜ್ಜಿಯ ಉಚ್ಚಾರವೇ ಶುದ್ಧವೆಂದು ತಿಳಿಯಿರಿ. ಮುಖಪುಟದಲ್ಲಿ ಸಂಗ್ರಾಹಕರ ಹೆಸರಿನ ಜೊತೆಗೆ ಹಾಡಿದವರ ಹೆಸರೂ ಇರಲಿ. ಈಚಿನ ಕವಿಗಳ ಪದ್ಯ ಸೇರಿಸುವುದಾದರೆ ಅನುಮತಿ ಬೇಕು. ಕವಿ ತೀರಿದ ಬಳಿಕವೂ 60 ವರ್ಷ ಹಕ್ಕು ವಾರಸುದಾರರದು.

ಪುಸ್ತಕವನ್ನು 16 ಪುಟಗಳ ಫಾರ್ಮಿನ ಲೆಕ್ಕದಲ್ಲಿ ಮುದ್ರಿಸುವುದು ವಾಡಿಕೆ; 32 ಅಥವಾ 48 ಪುಟಕ್ಕೆ ಹೊಂದಿಸಿದರೆ ಕಾಗದ ಪೋಲಾಗದು. ಎರಡು ಮೂರು ಮುದ್ರಣಾಲಯಗಳಿಂದ ದರವನ್ನು ಬರಹದಲ್ಲಿ ಪಡೆಯಿರಿ. ಕರಡಚ್ಚನ್ನು ಇಬ್ಬರು ಓದಲಿ: ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಮೂಲ ನೋಡಬೇಕು. ಈಗಿನ ಡಿಜಿಟಲ್ ಮುದ್ರಣದಲ್ಲಿ 50 ಪ್ರತಿಗಳನ್ನೂ ತೆಗೆಸಬಹುದು. ಸಾವಿರ ಪ್ರತಿ ತೆಗೆಸಿ ಗೆದ್ದಲಿಗೆ ಕೊಡಬೇಕಾಗಿಲ್ಲ. ಪುಸ್ತಕದ ಐಎಸ್‌ಬಿಎನ್ ಸಂಖ್ಯೆಯನ್ನು ಭಾರತದಲ್ಲಿ ಸರಕಾರದ ಸಂಸ್ಥೆಯೇ ಉಚಿತವಾಗಿ ಕೊಡುತ್ತದೆ. ಅದಕ್ಕೆ ಯಾರಿಗೂ ಹಣ ತೆರಬೇಡಿರಿ. 1954ರ ಕಾಯಿದೆಯಂತೆ ಪ್ರಕಾಶಕರು 30 ದಿನಗಳೊಳಗೆ ಕೋಲಕಾತೆಯ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು ಮೂರು ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ಕಳುಹಿಸತಕ್ಕದ್ದು. ಇದನ್ನು ಹೊರೆಯೆಂದು ಎಣಿಸಬೇಡಿರಿ. ನಮ್ಮೂರ ಅಜ್ಜಿಯ ಹೆಸರು ಕೋಲಕಾತೆಯ ಕಪಾಟಿನಲ್ಲಿ ಇರುವುದೆಂದರೆ ಸಣ್ಣ ಮಾತೇ?

ಬಂಧುಗಳೇ, ಕಾಟಾದ ಚೀಟಿ, ಅರ್ಜಿಯ ಪ್ರತಿ, ವೈದ್ಯರ ಚೀಟಿ, ಹಾಡಿನ ವಹಿ: ಇವೆಲ್ಲ ನೋಡಲು ಹರಕು ಕಾಗದಗಳು. ಆದರೆ ಇವು ಇದ್ದವರು ತಮ್ಮ ಮಾತನ್ನು ತಾವೇ ಆಡುತ್ತಾರೆ; ಇಲ್ಲದವರ ಮಾತನ್ನು ಬೇರೆಯವರು ತಮಗೆ ಬೇಕಾದಂತೆ ಆಡುತ್ತಾರೆ. ಬರೆಯಲು ಬಾರದೆಂದು ಯಾರೂ ಸಂಕೋಚಪಡಬೇಡಿರಿ. ಪ್ರತಿ ಸೋಮವಾರ ಸಂಜೆ ಶಾಲೆ ಬಿಟ್ಟ ಮೇಲೆ ನಾವು ಇದೇ ವಾಚನಾಲಯದಲ್ಲಿ ಕುಳಿತಿರುತ್ತೇವೆ. ಕಾಗದವೂ ಲೇಖನಿಯೂ ನಮ್ಮವು. ವಿಷಯವನ್ನು ತಾವು ತರಬೇಕು.