ಯಂತ್ರದ ನೆರವಿನ ಓಟ: ಕಳ್ಳಾಟವೋ, ಅಳತೆಗೋಲೋ?



2003ನೇ ಇಸವಿಯಲ್ಲಿ ಒಂದು ವಿಡಿಯೋ ಇಂಟರ್‌ನೆಟ್ಟಿನಲ್ಲಿ ಕೈಯಿಂದ ಕೈಗೆ ದಾಟುತ್ತಾ ಜಗತ್ತು ಸುತ್ತಿತು. ನಿಂಟೆಂಡೊ ಕಂಪನಿಯ ‘ಸೂಪರ್ ಮಾರಿಯೊ ಬ್ರದರ್ಸ್ 3’ ಎಂಬ ವಿಡಿಯೋ ಗೇಮನ್ನು ಮೊರಿಮೊಟೊ ಎಂಬ ಹೆಸರಿನ ಜಪಾನೀ ಆಟಗಾರನೊಬ್ಬ ಸುಮಾರು 11 ನಿಮಿಷಗಳಲ್ಲಿ ಆಡಿ ಮುಗಿಸಿದ್ದ. ಮಾರಿಯೊ ಎಲ್ಲಿಯೂ ನಿಲ್ಲುವುದಿಲ್ಲ, ಎಲ್ಲಿಯೂ ತಡವರಿಸುವುದಿಲ್ಲ. ಶತ್ರುವನ್ನು ಕೂದಲೆಳೆಯಷ್ಟು ಅಂತರದಲ್ಲಿ ಸವರಿಕೊಂಡು ಹೋಗುತ್ತಾನೆ. ಪರದೆ ತಾನಾಗಿಯೇ ನಿಧಾನವಾಗಿ ಸರಿಯುವ, ಎಷ್ಟು ಅವಸರ ಮಾಡಿದರೂ ಪ್ರಯೋಜನವಿಲ್ಲದ ಭಾಗಗಳಲ್ಲಿ ಹೊತ್ತು ಕಳೆಯಲೆಂಬಂತೆ ಹಾರಿ ಬರುವ ಗುಂಡುಗಳ ತಲೆಯ ಮೇಲೆ ಕುಪ್ಪಳಿಸಿ 99 ಜೀವಗಳನ್ನು ಕೂಡಿಹಾಕುತ್ತಾನೆ. ನೋಡಿದವರು ದಂಗಾದರು. ಮನುಷ್ಯಮಾತ್ರರಿಗೆ ಇದು ಸಾಧ್ಯವೇ ಎಂದು ಕೇಳಿದರು.

ಸಾಧ್ಯವಿರಲಿಲ್ಲ. ಆ ಆಟವನ್ನು ಒಂದೇ ಉಸಿರಿನಲ್ಲಿ ಆಡಿರಲಿಲ್ಲ. ಕಂಪ್ಯೂಟರಿನಲ್ಲಿ ವೇಗ ತಗ್ಗಿಸಿ, ತಪ್ಪಿದಲ್ಲೆಲ್ಲ ಹಿಂದಕ್ಕೆ ಹೋಗಿ, ತುಣುಕು ತುಣುಕಾಗಿ ಮತ್ತೆ ಮತ್ತೆ ಆಡಿ ಕಟ್ಟಲಾಗಿತ್ತು. ವಿಷಯ ತಿಳಿದಾಗ ಮೆಚ್ಚಿದವರೇ ಸಿಟ್ಟಾದರು. ಮೋಸ ಎಂದರು. ಹಾಗೆ ನೋಡಿದರೆ ಇಂಥ ಪ್ರಯೋಗ ಹೊಸದೇನೂ ಆಗಿರಲಿಲ್ಲ. 1993ರಲ್ಲಿ ಬಂದ ‘ಡೂಮ್’ ಎಂಬ ಆಟದ ಅಭಿಮಾನಿಗಳು 1999ರ ಹೊತ್ತಿಗೇ ಇದನ್ನು ಮಾಡುತ್ತಿದ್ದರು. ‘ಟೂಲ್ ಅಸಿಸ್ಟೆಡ್ ಸ್ಪೀಡ್‌ರನ್’, ಅಂದರೆ ಸಾಧನಗಳ ನೆರವಿನ ವೇಗದ ಓಟ, ಎಂಬ ಹೆಸರು ಬಂದದ್ದೂ ಅವರಿಂದಲೇ. ಬಲ್ಲವರು ಚಿಕ್ಕದಾಗಿ ‘ಟಾಸ್’ ಎನ್ನುತ್ತಾರೆ. ಕ್ರಿಕೆಟ್ಟಿನ ಟಾಸ್‌ಗೂ ಇದಕ್ಕೂ ನಂಟಿಲ್ಲ. ಅಲ್ಲಿ ಎಲ್ಲವೂ ಅದೃಷ್ಟ, ಇಲ್ಲಿ ಅದೃಷ್ಟಕ್ಕೆ ಜಾಗವೇ ಇಲ್ಲ.

ಮೊರಿಮೊಟೊನ ಮೇಲಿನ ಸಿಟ್ಟಿಗೆ ಅರ್ಥವಿತ್ತೇ? ಕನ್ನಡಿಗರಿಗೆ ಪರಿಚಿತವಾದ ಒಂದು ಹೋಲಿಕೆಯಿಂದ ಇದನ್ನು ನೋಡಬಹುದು. ಅವಧಾನಿಯು ತುಂಬಿದ ಸಭೆಯಲ್ಲಿ, ಪೃಚ್ಛಕರ ಕಾಟದ ನಡುವೆ, ನಿಂತ ನಿಲುವಿನಲ್ಲಿ ಪದ್ಯ ಕಟ್ಟುತ್ತಾನೆ. ಕವಿಯು ಮನೆಯಲ್ಲಿ ಕುಳಿತು ಒಂದೇ ಸಾಲನ್ನು ನೂರು ಸಲ ಹೊಡೆದುಹಾಕಿ ಬರೆಯುತ್ತಾನೆ. ಕವಿಯನ್ನು ಯಾರೂ ಮೋಸಗಾರನೆನ್ನುವುದಿಲ್ಲ. ಆದರೆ ಮನೆಯಲ್ಲಿ ತಿದ್ದಿ ತಂದ ಪದ್ಯವನ್ನು ಅವಧಾನದಲ್ಲಿ ಆಶುಕವಿತೆಯೆಂದು ಹೇಳಿದರೆ ಅದು ಮೋಸ. ಮೊರಿಮೊಟೊನ ಓಟದಲ್ಲಿ ದೋಷವೇನೂ ಇರಲಿಲ್ಲ. ಇಲ್ಲದೆ ಹೋದದ್ದು ‘ಇದು ಇಂಥದ್ದು’ ಎಂದು ಹೇಳುವ ಒಂದು ಚೀಟಿ.

ಕಟ್ಟುವ ಬಗೆ ಹೇಗೆಂದು ನೋಡೋಣ. 1990ರ ದಶಕದಲ್ಲಿ ಕರ್ನಾಟಕದ ಊರುಗಳಲ್ಲಿ ಬೆಳೆದ ಹಲವರಿಗೆ ‘ಟೀವಿ ಗೇಮ್’ ನೆನಪಿರಬಹುದು. ಮೇಲೆ ಕ್ಯಾಸೆಟ್ ಸಿಕ್ಕಿಸಿದರೆ ಮಾರಿಯೊ, ಕಾಂಟ್ರಾ ಬರುತ್ತಿದ್ದ ಪೆಟ್ಟಿಗೆ. ಕ್ಯಾಸೆಟ್ಟಿನ ಮೇಲೆ ಸಾವಿರಾರು ಆಟಗಳೆಂದು ಅಚ್ಚಾಗಿರುತ್ತಿತ್ತು, ಒಳಗೆ ಅವೇ ಕೆಲವು ಆಟಗಳು ಸುತ್ತಿ ಸುತ್ತಿ ಬರುತ್ತಿದ್ದವು! ಅಂಥ ಪೆಟ್ಟಿಗೆಗಳಲ್ಲಿ ಹೆಚ್ಚಿನವು ನಿಂಟೆಂಡೊ 1983ರಲ್ಲಿ ಜಪಾನಿನಲ್ಲಿ ಬಿಡುಗಡೆ ಮಾಡಿದ ‘ಫ್ಯಾಮಿಕಾಮ್’ ಯಂತ್ರದ ನಕಲುಗಳು. ಮೂಲ ಯಂತ್ರ ಸೆಕೆಂಡಿಗೆ ಸುಮಾರು 60 ಚಿತ್ರಗಳನ್ನು ಪರದೆಗೆ ಕಳಿಸುತ್ತದೆ. ಒಂದೊಂದು ಚಿತ್ರವೂ ಒಂದು ಫ್ರೇಮ್. ಸಾಮಾನ್ಯವಾಗಿ ಪ್ರತಿ ಫ್ರೇಮಿಗೊಮ್ಮೆ ಯಂತ್ರವು ಆಟಗಾರನ ಕೈಯಲ್ಲಿರುವ 8 ಗುಂಡಿಗಳಲ್ಲಿ ಯಾವುದು ಒತ್ತಿದೆ, ಯಾವುದು ಇಲ್ಲ ಎಂದು ನೋಡುತ್ತದೆ. ಯಂತ್ರಕ್ಕೆ ಗೊತ್ತಿರುವ ಆಟಗಾರ ಅಷ್ಟೇ. ಎಂಟು ಗುಂಡಿಗಳೆಂದರೆ ಪ್ರತಿ ಫ್ರೇಮಿನಲ್ಲಿ 256 ಆಯ್ಕೆಗಳು. 1985ರ ಮೊದಲ ‘ಸೂಪರ್ ಮಾರಿಯೊ ಬ್ರದರ್ಸ್’ ಆಟವನ್ನು ಐದು ನಿಮಿಷದೊಳಗೆ ಮುಗಿಸಬೇಕಾದರೆ ಅಂಥ ನಿರ್ಧಾರಗಳು ಸುಮಾರು 18 ಸಾವಿರ.

ಹಳೆಯ ಯಂತ್ರದ ಕೆಲಸವನ್ನು ಕಂಪ್ಯೂಟರಿನಲ್ಲಿ ಯಥಾವತ್ತಾಗಿ ಅನುಕರಿಸುವ ತಂತ್ರಾಂಶಕ್ಕೆ ಎಮ್ಯುಲೇಟರ್ ಎಂದು ಹೆಸರು. ಅದರಲ್ಲಿ ಆಟವನ್ನು ಒಂದೊಂದೇ ಫ್ರೇಮ್ ಮುಂದಕ್ಕೆ ತಳ್ಳಬಹುದು. ಬೇಕಾದ ಕ್ಷಣವನ್ನು ಉಳಿಸಿಟ್ಟು, ತಪ್ಪಿದರೆ ಅಲ್ಲಿಗೇ ಹಿಂದಿರುಗಬಹುದು. ಆಟದ ಸ್ಮೃತಿಯನ್ನೇ ತೆರೆದು ಮಾರಿಯೊ ಎಲ್ಲಿದ್ದಾನೆ, ಎಷ್ಟು ವೇಗದಲ್ಲಿದ್ದಾನೆ ಎಂಬ ಅಂಕಿಗಳನ್ನು ಓದಬಹುದು. ಕೊನೆಗೆ ಉಳಿಯುವುದು ವಿಡಿಯೋ ಅಲ್ಲ. ಯಾವ ಫ್ರೇಮಿನಲ್ಲಿ ಯಾವ ಗುಂಡಿ ಎಂಬ ಒಂದು ಉದ್ದನೆಯ ಪಟ್ಟಿ. ಸಂಗೀತಗಾರನ ಸ್ವರಲಿಪಿ ಇದ್ದಂತೆ. ಐದು ನಿಮಿಷದ ಓಟಕ್ಕೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಕೆಲಸ ಹಿಡಿಯುತ್ತದೆ.

ಅದೃಷ್ಟಕ್ಕೆ ಜಾಗವಿಲ್ಲವೆಂದು ಆಗಲೇ ಹೇಳಿತು. ಹಳೆಯ ಯಂತ್ರಕ್ಕೆ ನಿಜವಾದ ದಾಳ ಉರುಳಿಸಲು ಬರುವುದಿಲ್ಲ. ಎಷ್ಟು ಫ್ರೇಮ್ ಕಳೆಯಿತು, ಆಟಗಾರ ಏನು ಒತ್ತಿದ ಎಂಬಂಥ ಲೆಕ್ಕಗಳಿಂದಲೇ ಅದು ‘ಆಕಸ್ಮಿಕ’ವನ್ನು ಹುಟ್ಟಿಸುತ್ತದೆ. ಆದ್ದರಿಂದ ಒಂದು ಫ್ರೇಮ್ ತಡೆದು ಗುಂಡಿ ಒತ್ತಿದರೆ ಶತ್ರು ಎಡಕ್ಕೆ ಹೋಗುವ ಬದಲು ಬಲಕ್ಕೆ ಹೋಗಬಹುದು, ಬೇಕಾದ ವಸ್ತು ಬೇಕಾದಲ್ಲೇ ಬೀಳಬಹುದು. ಶಕುನಿಯ ಕೈಯಲ್ಲಿ ದಾಳ ಹೇಳಿದಂತೆ ಬೀಳುತ್ತಿದ್ದ ಹಾಗೆ. ವ್ಯತ್ಯಾಸವೆಂದರೆ ಇಲ್ಲಿ ದಾಳವನ್ನು ಬದಲಾಯಿಸುವಂತಿಲ್ಲ. ಆಟದ ಸಂಕೇತವನ್ನು ಒಂದಕ್ಷರವೂ ತಿದ್ದುವಂತಿಲ್ಲ ಎಂಬುದು ಈ ಕಲೆಯ ಮೊದಲ ನಿಯಮ.

ಪ್ರತಿ ಫ್ರೇಮೂ ಅಮೂಲ್ಯವೇ? ಇಲ್ಲಿ ಮಾರಿಯೊ ಆಟದ ಒಂದು ವಿಚಿತ್ರವಿದೆ. ಒಂದು ಹಂತ ಮುಗಿದ ಮೇಲೆ ಮುಂದಿನದಕ್ಕೆ ಹೋಗಬೇಕೇ ಎಂದು ಆಟ ಪ್ರತಿ ಫ್ರೇಮಿನಲ್ಲೂ ನೋಡುವುದಿಲ್ಲ, 21 ಫ್ರೇಮಿಗೊಮ್ಮೆ ಮಾತ್ರ ನೋಡುತ್ತದೆ. ಹೊಳೆ ದಾಟಿಸುವ ದೋಣಿ ಇಂತಿಷ್ಟು ಹೊತ್ತಿಗೊಮ್ಮೆ ಹೊರಡುತ್ತದೆ ಎನ್ನಿ. ದಡಕ್ಕೆ ಓಡೋಡಿ ಬಂದರೂ, ನಡೆದು ಬಂದರೂ, ಹತ್ತುವುದು ಅದೇ ದೋಣಿಯನ್ನು. ಹತ್ತು ಫ್ರೇಮ್ ಉಳಿಸಿದವನಿಗೆ ಸಿಗುವ ಲಾಭ ಸೊನ್ನೆ. ಇನ್ನೂ ಕೆಲವನ್ನು ಉಳಿಸಿ ಹಿಂದಿನ ದೋಣಿಯನ್ನೇ ಹಿಡಿದರೆ ಸೆಕೆಂಡಿನ ಮೂರನೇ ಒಂದು ಭಾಗ ಒಮ್ಮೆಲೇ ಕೈಸೇರುತ್ತದೆ. ಹೀಗೆ ಅರ್ಧ ಸೆಕೆಂಡೂ ಆಗದ ಲಾಭಕ್ಕಾಗಿ ವರ್ಷಗಟ್ಟಲೆ ತಲೆ ಕೆಡಿಸಿಕೊಂಡವರಿದ್ದಾರೆ.

ಅವರ ಶ್ರಮ ಕೈಯಲ್ಲಿ ಆಡುವವರಿಗೆ ದಾರಿ ತೋರಿಸಿದ್ದು ಮುಖ್ಯ ಸಂಗತಿ. ಹಂತದ ಕೊನೆಯ ಧ್ವಜಕಂಬದ ಬುಡವನ್ನು ಒಂದು ನಿರ್ದಿಷ್ಟ ರೀತಿಯಲ್ಲಿ ತಾಗಿದರೆ ಧ್ವಜ ಇಳಿಯುವುದೇ ಇಲ್ಲ, ಅದಕ್ಕಾಗಿ ಕಾಯುವ ಹೊತ್ತೂ ಉಳಿಯುತ್ತದೆ. ಇದು ಯಂತ್ರಕ್ಕಷ್ಟೇ ಸಾಧ್ಯವೆಂದು ಒಂದು ಕಾಲದಲ್ಲಿ ನಂಬಲಾಗಿತ್ತು. ಆಮೇಲೆ ಮನುಷ್ಯರ ಬೆರಳುಗಳೂ ಅದನ್ನು ಕಲಿತವು. ಕೈಯಾಟದವರ ಗಡಿಯಾರದಲ್ಲಿ ಯಂತ್ರ ನೆರವಿನ ಓಟ 4 ನಿಮಿಷ 54.26 ಸೆಕೆಂಡಿನ ಆಸುಪಾಸಿನಲ್ಲಿದೆ. 2021ರಲ್ಲಿ ಮನುಷ್ಯನೊಬ್ಬ ಮೊದಲ ಸಲ 4 ನಿಮಿಷ 55 ಸೆಕೆಂಡಿನ ಗೆರೆ ದಾಟಿದ. 2023ರ ಹೊತ್ತಿಗೆ ಅಂತರ ಅರ್ಧ ಸೆಕೆಂಡಿಗಿಂತ ಕಡಿಮೆಯಾಗಿತ್ತು.

ಇನ್ನು ತೀರ್ಪಿನ ವಿಚಾರ. ಮೊರಿಮೊಟೊನ ವಿಡಿಯೋ ನೋಡಿ ಸಿಟ್ಟಾಗದೆ ಉತ್ಸಾಹಗೊಂಡವರಲ್ಲಿ ಬಿಸ್ಕ್ವಿಟ್ ಎಂಬ ಹೆಸರಿನ ಫಿನ್‌ಲೆಂಡಿನ ಪ್ರೋಗ್ರಾಮರ್ ಒಬ್ಬರು. 2003ರಲ್ಲೇ ಅವರು ಆರಂಭಿಸಿದ ಸಂಗ್ರಹವು ಮುಂದೆ ‘ಟಾಸ್‌ವಿಡಿಯೋಸ್’ ಎಂಬ ಹೆಸರಿನಿಂದ ಈ ಕಲೆಯ ಮುಖ್ಯ ಭಂಡಾರವಾಯಿತು. ಅಲ್ಲಿನ ಪ್ರತಿ ವಿಡಿಯೋ ಮೇಲೂ ‘ಇದು ಸಾಧನಗಳ ನೆರವಿನಿಂದ ಮಾಡಿದ್ದು’ ಎಂಬ ಸೂಚನೆ ಇರುತ್ತದೆ. ಹಿಂದೆ ಇಲ್ಲದೆ ಹೋದ ಚೀಟಿ ಇದೇ.

ಅಲ್ಲಿನ ತೀರ್ಪುಗಾರರು ಸ್ವಯಂಸೇವಕರು. ಅವರ ಮುಂದೆ ಬರುವುದು ಗುಂಡಿಗಳ ಪಟ್ಟಿ. ಅದನ್ನು ಅವರು ತಮ್ಮ ಕಂಪ್ಯೂಟರಿನಲ್ಲಿ ಓಡಿಸುತ್ತಾರೆ. ಒಂದೇ ಒಂದು ಫ್ರೇಮ್ ಹೆಚ್ಚುಕಮ್ಮಿಯಾದರೆ ಮಾರಿಯೊ ಗೋಡೆಗೆ ಡಿಕ್ಕಿ ಹೊಡೆದು ಅಲ್ಲೇ ಕುಣಿಯುತ್ತಿರುತ್ತಾನೆ. ಹಾಗಾಗಿ ಇಲ್ಲಿ ಸುಳ್ಳು ಹೇಳುವುದು ಕಷ್ಟ. ವಿಡಿಯೋವನ್ನು ಕತ್ತರಿಸಿ ಅಂಟಿಸಬಹುದು, ಈ ಪಟ್ಟಿಯನ್ನು ಹಾಗೆ ಅಂಟಿಸಿದರೆ ಓಟವೇ ಕುಸಿಯುತ್ತದೆ. ಎಮ್ಯುಲೇಟರೇ ತಪ್ಪು ಲೆಕ್ಕ ಮಾಡಿದರೆ? ಆರಂಭದ ದಿನಗಳ ಎಮ್ಯುಲೇಟರುಗಳಲ್ಲಿ ಆ ದೋಷವಿತ್ತು. ಅದಕ್ಕೇ ಕೆಲವರು ಪಟ್ಟಿಯನ್ನು ತಂತಿಯ ಮೂಲಕ ನಿಜವಾದ ಹಳೆಯ ಯಂತ್ರಕ್ಕೇ ಊಡಿಸಿ ನೋಡುತ್ತಾರೆ. 2014ರ ಜನವರಿಯಲ್ಲಿ ಅಮೆರಿಕದ ಒಂದು ಸಹಾಯಾರ್ಥ ಪ್ರದರ್ಶನದಲ್ಲಿ ಹೀಗೆ ಊಡಿಸಿದಾಗ ‘ಸೂಪರ್ ಮಾರಿಯೊ ವರ್ಲ್ಡ್’ ಆಟ ಸಭಿಕರ ಕಣ್ಣೆದುರಿಗೇ ಹಾವಿನಾಟವಾಗಿ ಮಾರ್ಪಟ್ಟಿತು. ಗುಂಡಿಗಳನ್ನು ಒತ್ತಿಯೇ ಯಂತ್ರದೊಳಗೆ ಹೊಸ ಪ್ರೋಗ್ರಾಮ್ ಬರೆಯಲಾಗಿತ್ತು.

ಓಟ ಸರಿಯಾಗಿ ಸಾಗಿತೆಂದ ಮಾತ್ರಕ್ಕೆ ಅಂಗೀಕಾರ ಸಿಗುವುದಿಲ್ಲ. ಈಗಾಗಲೇ ಇರುವ ಅತ್ಯುತ್ತಮ ಓಟಕ್ಕಿಂತ ಇದು ವೇಗವೇ? ಮನುಷ್ಯರ ದಾಖಲೆಯನ್ನಾದರೂ ಮೀರಿದೆಯೇ? ಗೊತ್ತಿರುವ ತಂತ್ರವನ್ನು ಕೈಬಿಟ್ಟಿದೆಯೇ? ಗಡಿಯಾರವನ್ನು ಎಲ್ಲಿ ನಿಲ್ಲಿಸಬೇಕೆಂಬುದರಲ್ಲೂ ಜಗಳವಿದೆ. ಕೊನೆಯ ಗುಂಡಿ ಒತ್ತಿದಲ್ಲಿಗೆ ಲೆಕ್ಕ ಮುಗಿಯುವುದರಿಂದ, ಕೆಲವರು ಬೇಗನೆ ಕೈ ತೆಗೆದು ಮಾರಿಯೊನನ್ನು ಅವನಷ್ಟಕ್ಕೆ ತೇಲಿಬಿಡುತ್ತಾರೆ. ಆಟ ನಿಜಕ್ಕೂ ತಡವಾಗಿ ಮುಗಿದರೂ ಕಾಗದದ ಮೇಲೆ ಸಮಯ ಉಳಿಯುತ್ತದೆ!

ಎಡ ಮತ್ತು ಬಲ ಗುಂಡಿಗಳನ್ನು ಒಟ್ಟಿಗೇ ಒತ್ತುವುದು ಇನ್ನೊಂದು ತಕರಾರು. ಮೂಲ ಸಾಧನದಲ್ಲಿ ಅವೆರಡೂ ಒಂದೇ ಪ್ಲಾಸ್ಟಿಕ್ ತುಂಡಿನ ಎರಡು ತುದಿಗಳು, ಒಟ್ಟಿಗೆ ಒತ್ತಲು ಬರುವುದಿಲ್ಲ. ಆದರೆ ಒತ್ತಿದ್ದೇ ಆದರೆ ‘ಜೆಲ್ಡಾ’ ಸರಣಿಯ ಎರಡನೆಯ ಆಟದಲ್ಲಿ ನಾಯಕ ಬಿಲ್ಲಿನಿಂದ ಬಿಟ್ಟ ಬಾಣವಾಗುತ್ತಾನೆ. ಇದಕ್ಕೆ ಅನುಮತಿ ಇದೆ. ಯಂತ್ರಕ್ಕೆ ಕಾಣುವುದು ವಿದ್ಯುತ್ ಸಂಕೇತವೇ ಹೊರತು ಪ್ಲಾಸ್ಟಿಕ್ ಅಲ್ಲ ಎಂಬುದು ವಾದ. ಇದು ಒಪ್ಪತಕ್ಕ ವಾದವೇ, ಆದರೆ ಅದರ ಬೆನ್ನು ಹಿಡಿದು ಎಲ್ಲಿಯವರೆಗೆ ಹೋಗಬಹುದೆಂದು ನೋಡಿ. ಮೊರಿಮೊಟೊ 11 ನಿಮಿಷ ತೆಗೆದುಕೊಂಡ ಅದೇ ‘ಮಾರಿಯೊ 3’, ಗುಂಡಿಗಳ ಸ್ಥಿತಿಯನ್ನು ಎರಡೆರಡು ಸಲ ಓದಿ ಹೊಂದಿಕೆಯಾಗದಿದ್ದರೆ ಮತ್ತೆ ಓದುತ್ತದೆ. ಸೆಕೆಂಡಿಗೆ ಸಾವಿರಾರು ಬಾರಿ ಗುಂಡಿ ಬದಲಾಯಿಸಿದರೆ ಆಟ ಆ ಸುಳಿಯಲ್ಲಿ ಸಿಕ್ಕಿ, ದಿಕ್ಕು ತಪ್ಪಿ, ಮುಕ್ತಾಯದ ದೃಶ್ಯಕ್ಕೇ ಜಿಗಿಯುತ್ತದೆ. ಒಟ್ಟು ಕಾಲ ಒಂದು ಸೆಕೆಂಡಿಗಿಂತ ಕಡಿಮೆ. ತೀರ್ಪುಗಾರರು ಅದನ್ನು ಬೇರೆ ವಿಭಾಗದಲ್ಲಿಟ್ಟರು. ಜಾಣ ನಿರ್ಧಾರವೇ ಸರಿ, ಇಲ್ಲದಿದ್ದರೆ ನೋಡಲು ಆಟವೇ ಉಳಿಯುತ್ತಿರಲಿಲ್ಲ.

ನೋಡುವವರ ಖುಷಿಯೂ ಒಂದು ಅಳತೆ. ಹಿಂದೆ ಬೇಸರ ತರಿಸುವ ಆಟಗಳ ಓಟ ಎಷ್ಟು ವೇಗವಾಗಿದ್ದರೂ ತಿರಸ್ಕೃತವಾಗುತ್ತಿತ್ತು. 2012ರಲ್ಲಿ ಬರೀ ವೇಗಕ್ಕೆಂದೇ ಒಂದು ಪ್ರತ್ಯೇಕ ವರ್ಗ ಬಂತು. ಇದಕ್ಕೆ ವಿರುದ್ಧವಾಗಿ, ‘ಬ್ರೇನ್ ಏಜ್’ ಎಂಬ ಲೆಕ್ಕದ ಆಟದಲ್ಲಿ ಉತ್ತರದ ಅಂಕಿ ಬರೆಯುವಲ್ಲಿ ಒಬ್ಬಾತ ಚಿತ್ರಗಳನ್ನು ಬರೆಯುತ್ತಾ ಹೋದ, ಆಟ ಅವನ್ನೇ ಸರಿಯುತ್ತರವೆಂದು ಒಪ್ಪಿತು. ಅಲ್ಲಿ ವೇಗದ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಇವೆಲ್ಲ ಹವ್ಯಾಸಿಗಳ ಒಳಜಗಳವೆಂದು ತಳ್ಳಿಹಾಕಬಹುದಿತ್ತು. ಆದರೆ ಈ ಹವ್ಯಾಸ ಹೊರಗಿನವರ ದಾಖಲೆಗಳನ್ನು ಅಳೆಯತೊಡಗಿತು. 1980ರಲ್ಲಿ ಅಟಾರಿ 2600 ಯಂತ್ರಕ್ಕಾಗಿ ಬಂದ ‘ಡ್ರ್ಯಾಗ್‌ಸ್ಟರ್’ ಗೇರ್ ಬದಲಿಸುತ್ತಾ ಕಾರು ಓಡಿಸುವ ಆಟ. ಆರು ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಅದನ್ನು 5.51 ಸೆಕೆಂಡಿನಲ್ಲಿ ಮುಗಿಸಿದ್ದಾಗಿ ಅಮೆರಿಕದ ಟಾಡ್ ರಾಜರ್ಸ್ 1982ರಲ್ಲಿ ಹೇಳಿಕೊಂಡರು. ತಯಾರಕರು ಒಪ್ಪಿದರು, ದಾಖಲೆಗಳ ಸಂಸ್ಥೆ ‘ಟ್ವಿನ್ ಗ್ಯಾಲಕ್ಸೀಸ್’ ಒಪ್ಪಿತು, ಗಿನ್ನೆಸ್ ಪುಸ್ತಕವೂ ಒಪ್ಪಿತು. ಮೂರು ದಶಕ ಬೇರೆ ಯಾರಿಗೂ ಅದು ಕೈಗೆಟುಕಲಿಲ್ಲ. 2017ರಲ್ಲಿ ಎರಿಕ್ ಕೋಜಿಯೆಲ್ ಎಂಬವರು ಆಟದ ಸಂಕೇತವನ್ನೇ ಬಿಡಿಸಿ ಲೆಕ್ಕ ಹಾಕಿದರು. ಬಂದ ಉತ್ತರ 5.57. ಎರಡನೇ ಗೇರಿನಲ್ಲೇ ಹೊರಟಿದ್ದೆ ಎಂದು ರಾಜರ್ಸ್ ನೀಡಿದ್ದ ವಿವರಣೆಯನ್ನು ಸೇರಿಸಿದರೂ ಅಂಕಿ ಇಳಿಯಲಿಲ್ಲ. 2018ರ ಜನವರಿಯಲ್ಲಿ ಟ್ವಿನ್ ಗ್ಯಾಲಕ್ಸೀಸ್ ಅವರ ಎಲ್ಲ ದಾಖಲೆಗಳನ್ನೂ ಅಳಿಸಿಹಾಕಿತು. ಗಿನ್ನೆಸ್ ಹಿಂಬಾಲಿಸಿತು.

ಇನ್ನೂ ಇತ್ತೀಚಿನದು ‘ಡಯಾಬ್ಲೊ’ ಪ್ರಕರಣ. 1996ರ ಆ ಆಟವನ್ನು ಪೋಲೆಂಡಿನ ಆಟಗಾರನೊಬ್ಬ 2009ರಲ್ಲಿ 3 ನಿಮಿಷ 12 ಸೆಕೆಂಡಿನಲ್ಲಿ ಮುಗಿಸಿದ್ದ ಎಂದು ದಾಖಲಾಗಿತ್ತು. ಯಂತ್ರದ ನೆರವಿನಿಂದ ಅದನ್ನು ಮೀರಿಸೋಣವೆಂದು ಒಂದು ತಂಡ ಹೊರಟಿತು. ಎಷ್ಟು ಹೆಣಗಿದರೂ ಆಗಲಿಲ್ಲ. ಸರ್ವಸಾಧನಗಳಿರುವವರಿಗೆ ಆಗದ್ದು ಬರಿಗೈಯವನಿಗೆ ಹೇಗಾಯಿತು? ಈ ಆಟದಲ್ಲಿ ಪ್ರತಿ ಸಲವೂ ನೆಲಮಾಳಿಗೆಗಳು ಹೊಸದಾಗಿ ರಚನೆಯಾಗುತ್ತವೆ. ಸಾಧ್ಯವಿರುವ ಸುಮಾರು 220 ಕೋಟಿ ರಚನೆಗಳನ್ನು ತಂಡ ಜಾಲಾಡಿತು. ವಿಡಿಯೋದಲ್ಲಿ ಕಂಡ ಮಾಳಿಗೆಗಳೆಲ್ಲ ಒಂದೇ ಆಟದಲ್ಲಿ ಒಟ್ಟಿಗೆ ಬರುವುದು ಎಲ್ಲಿಯೂ ಸಿಗಲಿಲ್ಲ. ಬೇರೆ ಬೇರೆ ಆಟಗಳ ತುಂಡುಗಳನ್ನು ಜೋಡಿಸಿದ್ದರ ಗುರುತುಗಳು ಕಂಡವು. ತುಂಡುಗಳನ್ನು ಜೋಡಿಸಿದ್ದನ್ನು ತಾನೆಂದೂ ಮುಚ್ಚಿಟ್ಟಿರಲಿಲ್ಲ ಎಂಬುದು ಆ ಆಟಗಾರನ ಉತ್ತರ. ತುಂಡು ತುಂಡಾಗಿ ಆಡುವುದಕ್ಕೆ ಆಗ ಅವಕಾಶವಿದ್ದದ್ದೂ ನಿಜ. ಆದರೆ ಆ ತುಂಡುಗಳು ಒಂದೇ ಆಟದವಾಗಿರಬೇಕಿತ್ತು. ಓಟವನ್ನು ಪ್ರಕಟಿಸಿದ್ದ ‘ಸ್ಪೀಡ್ ಡೆಮೋಸ್ ಆರ್ಕೈವ್’ ಅದನ್ನು ಪಟ್ಟಿಯಿಂದ ತೆಗೆಯಿತು, ಗಿನ್ನೆಸ್ ಕೂಡ ಕೈಬಿಟ್ಟಿತು. ಇಷ್ಟು ಹಳೆಯ ಕಡತವನ್ನು ಕೆದಕುವ ಅಗತ್ಯವೇನಿತ್ತು ಎಂದು ಕೇಳಿದವರಿದ್ದಾರೆ. ತಂಡದ ಉತ್ತರ ಸರಳವಾಗಿತ್ತು: ಹದಿನೈದು ವರ್ಷ ಕಾಲ ಆ ಆಟದಲ್ಲಿ ಓಡಬೇಕೆಂದು ಬಂದವರು 3 ನಿಮಿಷ 12 ಸೆಕೆಂಡ್ ಎಂಬ ಅಂಕಿಯನ್ನು ಕಂಡು, ಇದು ತಮ್ಮಿಂದಾಗದೆಂದು ವಾಪಸು ಹೋಗಿದ್ದರು.