ನಿದಾನವೂ ಪ್ರಮಾಣವೂ



ರೋಗಿಯು ವೈದ್ಯನನ್ನು ಕೇಳುವ ಮೊದಲ ಪ್ರಶ್ನೆ ಒಂದೇ: 'ನನಗೆ ಬಂದಿರುವುದು ಏನು?' ಇದಕ್ಕೆ ಉತ್ತರ ಕಂಡುಹಿಡಿಯುವ ಕಾರ್ಯವನ್ನು ನಮ್ಮ ಹಿರಿಯರು ನಿದಾನವೆಂದು ಕರೆದರು. ನಿದಾನಕ್ಕೂ ನಿಧಾನಕ್ಕೂ ಇರುವ ಅಂತರ ಒಂದು ಮಹಾಪ್ರಾಣದ್ದು ಮಾತ್ರ. ಅವಸರದ ವೈದ್ಯರು ಇದನ್ನು ನೆನೆದರೆ ನಷ್ಟವಿಲ್ಲ. ಹೊಗೆಯಿದ್ದಲ್ಲಿ ಬೆಂಕಿಯುಂಟೆಂದು ತಾರ್ಕಿಕರು ನಿಸ್ಸಂಶಯವಾಗಿ ಹೇಳಬಲ್ಲರು. ವೈದ್ಯನ ಪಾಲಿಗಾದರೋ ಬೆಂಕಿಯಿಲ್ಲದ ಹೊಗೆಯೂ ಉಂಟು, ಹೊಗೆಯಿಲ್ಲದ ಬೆಂಕಿಯೂ ಉಂಟು. ಎಷ್ಟು ಮಂದಿಯಲ್ಲಿ ಹಾಗುಂಟೆಂಬುದನ್ನು ಎಣಿಸಿ ತಿಳಿಸುವುದೇ ಸಂಶೋಧನೆಯ ಕೆಲಸ.

ಅಮೆರಿಕದ ಹಾರ್ವರ್ಡ್ ವೈದ್ಯಶಾಲೆಯ ಆಸ್ಪತ್ರೆಗಳಲ್ಲಿ 60 ಮಂದಿ ವೈದ್ಯರಿಗೂ ವಿದ್ಯಾರ್ಥಿಗಳಿಗೂ ಹಾಕಿದ ಒಂದು ಪ್ರಶ್ನೆಯ ವರದಿ 1978ರಲ್ಲಿ ಪ್ರಕಟವಾಯಿತು. ಸಾವಿರದಲ್ಲಿ ಒಬ್ಬರಿಗೆ ಇರುವ ರೋಗ. ನೀರೋಗಿಗಳಲ್ಲಿ ನೂರಕ್ಕೆ 5 ಮಂದಿಯನ್ನು ರೋಗಿಗಳೆಂದು ತಪ್ಪಾಗಿ ತೋರಿಸುವ ಪರೀಕ್ಷೆ. ಬೇರೇನೂ ತಿಳಿಯದ ಒಬ್ಬನಲ್ಲಿ ಪರೀಕ್ಷೆಯು ರೋಗವಿದೆಯೆಂದರೆ, ಅದು ನಿಜವಾಗಿರುವ ಸಂಭವವೆಷ್ಟು? ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ನೂರಕ್ಕೆ 95 ಎಂದರು. ಸರಿಯಾಗಿ ಹೇಳಿದವರು 11 ಮಂದಿ. ಲೆಕ್ಕವೇನೂ ಗಹನವಲ್ಲ. ಸಾವಿರ ಜನರಲ್ಲಿ ರೋಗಿ ಒಬ್ಬ. ಅವನನ್ನು ಪರೀಕ್ಷೆ ಹಿಡಿಯಿತೆನ್ನೋಣ. ಉಳಿದ 999 ಮಂದಿಯಲ್ಲಿ ಸುಮಾರು 50 ಮಂದಿ ವೃಥಾ ಸಿಕ್ಕಿಬೀಳುತ್ತಾರೆ. 51ರಲ್ಲಿ ಒಬ್ಬನೆಂದರೆ, ನೂರಕ್ಕೆ 2ರಷ್ಟು!

ಆದರೆ ವೈದ್ಯನ ಬಳಿಗೆ ಬರುವವರು ಬೀದಿಯಲ್ಲಿ ಹೋಗುವ ಯಾರೋ ಅಲ್ಲ. ನೋವಿನಿಂದಲೋ ಉಬ್ಬಸದಿಂದಲೋ ಬಂದವರು. ಪರೀಕ್ಷೆಗೆ ಮೊದಲೇ ವೈದ್ಯನ ಮನಸ್ಸಿನಲ್ಲಿ ಒಂದು ಸಂದೇಹವಿರುತ್ತದೆ. ಅದರ ಬಲಾಬಲವನ್ನು ಲೆಕ್ಕಕ್ಕೆ ತರದೆ ಫಲಿತಾಂಶವನ್ನು ಓದಲಾಗದು. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳುವ ಘೋರ ವ್ಯಾಧಿಯೊಂದುಂಟು. ಗುರುತಿಸದಿದ್ದರೆ ಪ್ರಾಣಾಪಾಯ; ಇಲ್ಲದ್ದನ್ನು ಇದೆಯೆಂದು ಔಷಧ ಕೊಟ್ಟರೆ ರಕ್ತಸ್ರಾವದ ಭಯ. ಇದನ್ನು ಕುರಿತು 1990ರಲ್ಲಿ ಪಿಯೋಪೆಡ್ ಎಂಬ ಅಮೆರಿಕದ ಸಂಶೋಧನೆ ಪ್ರಕಟವಾಯಿತು. ವೈದ್ಯರು ತಮ್ಮ ಸಂದೇಹ ಎಷ್ಟೆಂಬುದನ್ನು ಮೊದಲೇ ಬರೆದಿಟ್ಟರು; ಆ ಬಳಿಕ ಶ್ವಾಸಕೋಶದ ಸ್ಕ್ಯಾನ್ ತೆಗೆಯಲಾಯಿತು.

ಸಂದೇಹ ಪ್ರಬಲ, ಸ್ಕ್ಯಾನೂ ಪ್ರಬಲ: ಅಂಥವರಲ್ಲಿ ನೂರಕ್ಕೆ 96 ಮಂದಿಗೆ ರೋಗವಿತ್ತು. ಸ್ಕ್ಯಾನ್ ಅಷ್ಟೇ ಪ್ರಬಲವಾಗಿದ್ದು ಸಂದೇಹ ಅಲ್ಪವಾಗಿದ್ದಾಗ ಆ ಪ್ರಮಾಣ 56ಕ್ಕೆ ಇಳಿಯಿತು. (ಆ ವರ್ಗದಲ್ಲಿದ್ದವರು 9 ಮಂದಿ ಮಾತ್ರವೆಂಬುದನ್ನೂ ಹೇಳಬೇಕು, ನೂರರ ಲೆಕ್ಕ ಕಂಡಾಗ ಎಷ್ಟು ತಲೆ ಎಣಿಸಿದರೆಂದು ಕೇಳುವುದು ಒಳ್ಳೆಯದು.) ಎರಡೂ ಅಲ್ಪವಾಗಿದ್ದವರಲ್ಲಿ 4. ನಮಗೆ ಬಹು ಮುಖ್ಯವಾಗಿ ತೋರುವುದು ನಾಲ್ಕನೆಯ ವರ್ಗ. ಸ್ಕ್ಯಾನ್ 'ಸಂಭವ ಕಡಮೆ' ಎಂದಿದ್ದರೂ ಸಂದೇಹ ಬಲವಾಗಿದ್ದವರಲ್ಲಿ ನೂರಕ್ಕೆ 40 ಮಂದಿಗೆ ರೋಗವಿತ್ತು. ಕಾಗದವನ್ನಷ್ಟೇ ನೋಡಿ ಇವರನ್ನು ಮನೆಗೆ ಕಳುಹಿಸಿದ್ದರೆ?

ಇನ್ನೊಂದು ಮಾತು. ಪರೀಕ್ಷೆಯನ್ನು ಮೊದಲು ಯಾರ ಮೇಲೆ ನಡೆಸಿದರೆಂದು ವಿಚಾರಿಸಬೇಕು. ರೋಗ ಉಲ್ಬಣಿಸಿದವರನ್ನು ಒಂದು ಕಡೆ, ದೃಢಕಾಯರನ್ನು ಇನ್ನೊಂದು ಕಡೆ ನಿಲ್ಲಿಸಿದರೆ ಎಂಥ ಪರೀಕ್ಷೆಯೂ ಜಯಶಾಲಿಯಾಗಿ ಕಾಣುವುದು. ರಾನ್ಸೊಹಾಫ್ ಮತ್ತು ಫೈನ್‌ಸ್ಟೈನ್ ಎಂಬ ವಿದ್ವಾಂಸರು 1978ರಲ್ಲಿಯೇ ಈ ದೋಷವನ್ನು ಎತ್ತಿ ತೋರಿಸಿದರು.

ಹಳೆಯ ಸ್ಕ್ಯಾನಿನ ಸ್ಥಾನವನ್ನು ಈಗ ಬಹುಮಟ್ಟಿಗೆ ಸಿ.ಟಿ. ಯಂತ್ರ ಆಕ್ರಮಿಸಿದೆ, ಚಿತ್ರಗಳು ಎಷ್ಟೋ ಸ್ಪಷ್ಟ. ಆ ಯಂತ್ರವನ್ನು ಪರೀಕ್ಷಿಸಿದ ಎರಡನೆಯ ಪಿಯೋಪೆಡ್ ವರದಿ 2006ರಲ್ಲಿ ಬಂದಿತು. ಚಿತ್ರವು ರೋಗವಿದೆಯೆಂದು ತೋರಿಸಿದವರಲ್ಲಿ, ಮೊದಲ ಸಂದೇಹ ಪ್ರಬಲವಾಗಿದ್ದಾಗ ಅದು ನಿಜವಾದದ್ದು ನೂರಕ್ಕೆ 96, ಅಲ್ಪವಾಗಿದ್ದಾಗ 58.